ಕೇಳಿ, ಹೇಳುತ್ತೇವೆ: ಅಡಿಕೆ ಪಟ್ಟಿಗೆ ಮೇಷ, ವೃಷಭ ಬಂದದ್ದು ಹೇಗೆ?

ಇಂಟರ್‌ನೆಟ್ಟಿನ ಪುಟಗಳನ್ನು ಓದಿ ತಾನಾಗಿ ಸಂಗತಿಗಳನ್ನು ಕಲಿಯುವಂತೆ ಕಂಪ್ಯೂಟರನ್ನು ತಯಾರು ಮಾಡುವ ಬಗ್ಗೆ ಕಾರವಾರದಿಂದ ಸಿದ್ದಾಪುರದವರೆಗೆ ಹಲವರು ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ಕಂಪ್ಯೂಟರ್ ‘ಓದಿ ಕಲಿಯುತ್ತದೆ’ ಅಂದರೆ ನಿಜವಾಗಿ ಏನು ಮಾಡುತ್ತದೆ? ಗೂಗಲ್‌ನಲ್ಲಿ ಹುಡುಕುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?
— ಬಿಎಸ್ಸಿ ವಿದ್ಯಾರ್ಥಿನಿ, ಶಿರಸಿ

ಹುಡುಕುವ ಯಂತ್ರ ಪುಟವನ್ನು ತಂದುಕೊಟ್ಟು ಸುಮ್ಮನಾಗುತ್ತದೆ, ಓದಿ ಅರ್ಥ ಮಾಡಿಕೊಳ್ಳುವ ಕೆಲಸ ನಿಮ್ಮದು. ಇಲ್ಲಿ ಬೇಕಾದದ್ದು ಪುಟದ ಒಳಗಿನ ಸಂಗತಿ. ‘ಕಾಳಿ ನದಿ ಕಾರವಾರದ ಬಳಿ ಅರಬ್ಬಿ ಸಮುದ್ರ ಸೇರುತ್ತದೆ’ ಎಂಬ ವಾಕ್ಯ ಸಿಕ್ಕರೆ ‘ಕಾಳಿ — ಸಮುದ್ರ ಸೇರುವ ಊರು — ಕಾರವಾರ’ ಎಂದು ಮೂರು ಭಾಗದ ಒಂದು ದಾಖಲೆ ಬರೆದಿಡಬೇಕು. ಇಂಥ ದಾಖಲೆಗಳು ಸಾಕಷ್ಟು ಕೂಡಿದರೆ ‘ಉತ್ತರ ಕನ್ನಡದಲ್ಲಿ ಸಮುದ್ರ ಸೇರುವ ನದಿಗಳು ಯಾವುವು’ ಎಂಬ ಪ್ರಶ್ನೆಗೆ ಯಾವ ಒಂದು ಪುಟದಲ್ಲೂ ಒಟ್ಟಾಗಿ ಇಲ್ಲದ ಉತ್ತರ ಸಿಗುತ್ತದೆ.

ವಿಧಾನದ ಮೂಲ ಸರಳ. ನಾಲ್ಕು ನದಿಗಳ ಹೆಸರು ಕೊಡಿ: ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ. ಇವಕ್ಕೆ ಬೀಜ ಎನ್ನುತ್ತೇವೆ. ಪುಟಗಳಲ್ಲಿ ಈ ಹೆಸರುಗಳ ಅಕ್ಕಪಕ್ಕ ಯಾವ ಪದಗಳು ಮತ್ತೆ ಮತ್ತೆ ಬರುತ್ತವೆ ಎಂದು ಯಂತ್ರ ನೋಡುತ್ತದೆ. ‘___ ನದಿಯ ಹಿನ್ನೀರು’, ‘___ ನದಿ ಉಕ್ಕಿ ಹರಿದು’ ಇವು ಮಾದರಿಗಳು. ಅದೇ ಮಾದರಿಯ ಖಾಲಿ ಜಾಗದಲ್ಲಿ ಬೇರೆ ಯಾವ ಹೆಸರುಗಳು ಕೂರುತ್ತವೆ ಎಂದು ಹುಡುಕಿದರೆ ವರದಾ ಬರುತ್ತದೆ, ತುಂಗಭದ್ರಾ ಬರುತ್ತದೆ. ಅವನ್ನೂ ಬೀಜಕ್ಕೆ ಸೇರಿಸಿ ಇನ್ನೊಂದು ಸುತ್ತು. ಸುತ್ತಿದಂತೆಲ್ಲ ಪಟ್ಟಿ ಬೆಳೆಯುತ್ತದೆ.

‘ಇಂತಿಂಥ ಮೊದಲಾದ’ ಎಂಬ ಬಗೆಯ ಮಾದರಿಗಳಿಂದ ಯಾವುದು ಯಾವ ವರ್ಗಕ್ಕೆ ಸೇರಿದ್ದೆಂದು ತಿಳಿಯಬಹುದು ಎಂಬುದನ್ನು ಅಮೆರಿಕದ ಸಂಶೋಧಕಿ ಮಾರ್ಟಿ ಹರ್ಸ್ಟ್ 1992ರಲ್ಲೇ ತೋರಿಸಿದ್ದರು. ಗೂಗಲ್ ಸ್ಥಾಪಕರಲ್ಲಿ ಒಬ್ಬರಾದ ಸರ್ಗೇ ಬ್ರಿನ್ 1998ರಲ್ಲಿ ಲೇಖಕ-ಪುಸ್ತಕದ ಬರೀ 5 ಜೋಡಿ ಕೊಟ್ಟು 15,000ಕ್ಕೂ ಹೆಚ್ಚು ಜೋಡಿಗಳನ್ನು ಹೊರತೆಗೆದರು. ಈ ದಾರಿಯಲ್ಲಿ ಬಹಳ ಹೆಸರಾದದ್ದು ‘ನೆಲ್’ ಎಂಬ ಪ್ರೋಗ್ರಾಂ. ಅಮೆರಿಕದ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಟಾಮ್ ಮಿಚೆಲ್ ಅವರ ತಂಡ ಅದನ್ನು 2010ರ ಜನವರಿಯಲ್ಲಿ ಚಾಲೂ ಮಾಡಿ, ಹಗಲು ರಾತ್ರಿ ನಿಲ್ಲಿಸದೆ ಓದಲು ಬಿಟ್ಟಿತು. ಓದಲು ಕೊಟ್ಟದ್ದು ಸುಮಾರು 50 ಕೋಟಿ ಇಂಗ್ಲಿಷ್ ಪುಟಗಳು. ಆರಂಭದಲ್ಲಿ 123 ವರ್ಗ, 55 ಸಂಬಂಧ, ಒಂದೊಂದಕ್ಕೆ 10ರಿಂದ 15 ಬೀಜ. ಅದರ ಒಳ್ಳೆಯದು ಕೆಟ್ಟದ್ದು ಎರಡೂ ಮುಂದಿನ ಉತ್ತರಗಳಲ್ಲಿ ಬರುತ್ತವೆ.

ಪ್ರಶ್ನೆ: ನಮ್ಮ ಸಂಘಕ್ಕಾಗಿ ಅಡಿಕೆಯ ಮಾರುಕಟ್ಟೆ ಬಗೆಗಳನ್ನು ತಾನೇ ಪಟ್ಟಿ ಮಾಡುವ ಪ್ರೋಗ್ರಾಂ ಬರೆಸಿದೆವು. ರಾಶಿ, ಚಾಲಿ, ಬೆಟ್ಟೆ, ಕೋಕಾ ಎಂಬ ನಾಲ್ಕು ಬೀಜ ಕೊಟ್ಟೆವು. ಎರಡು ಸುತ್ತಿನವರೆಗೆ ಚೆನ್ನಾಗಿತ್ತು. ಆಮೇಲೆ ಮೇಷ, ವೃಷಭ, ತಂಪು ಪಾನೀಯದ ಹೆಸರು, ಕಾಳುಮೆಣಸು, ‘ಗರಿಷ್ಠ’, ಕೊನೆಗೆ ‘ಭಾನುವಾರ’ ಕೂಡ ಅಡಿಕೆಯಾಯಿತು. ಎಲ್ಲಿ ತಪ್ಪಿತು?
— ಅಡಿಕೆ ಸಹಕಾರಿ ಸಂಘದ ಸಿಬ್ಬಂದಿ, ಶಿರಸಿ ತಾಲೂಕು

ಪ್ರೋಗ್ರಾಂ ಹೇಳಿದ ಕೆಲಸವನ್ನೇ ಮಾಡಿದೆ. ತಪ್ಪಿದ್ದು ಬೀಜದಲ್ಲಿ, ಮತ್ತು ಅಡ್ಡಗೋಡೆ ಇಲ್ಲದ್ದರಲ್ಲಿ. ಒಂದೊಂದಾಗಿ ನೋಡೋಣ.

‘ರಾಶಿ’ ಅಡಿಕೆಯೂ ಹೌದು, ಜ್ಯೋತಿಷ್ಯದ ರಾಶಿಯೂ ಹೌದು, ಗುಡ್ಡೆ ಹಾಕಿದ್ದೂ ಹೌದು. ಕನ್ನಡ ಪುಟಗಳಲ್ಲಿ ಅಡಿಕೆ ಧಾರಣೆಗಿಂತ ದಿನಭವಿಷ್ಯ ಎಷ್ಟೋ ಪಾಲು ಹೆಚ್ಚು. ಹಾಗಾಗಿ ‘ರಾಶಿ’ಯ ಅಕ್ಕಪಕ್ಕ ಯಂತ್ರಕ್ಕೆ ಹೆಚ್ಚಾಗಿ ಕಂಡದ್ದು ‘___ ಭವಿಷ್ಯ’. ಆ ಮಾದರಿಯಲ್ಲಿ ಮೇಷ, ವೃಷಭ ಮಾತ್ರವಲ್ಲ, ದಿನ, ವಾರಗಳೂ ಕೂರುತ್ತವೆ. ‘ವಾರ’ ಒಳಗೆ ಬಂದ ಮೇಲೆ ‘ಭಾನುವಾರ’ ದೂರವಿಲ್ಲ. ‘ಕೋಕಾ’ ಎಲ್ಲಿಗೆ ಹೋಯಿತೆಂದು ಬಿಡಿಸಿ ಹೇಳಬೇಕಿಲ್ಲ. ಕಾಳುಮೆಣಸಿನ ದಾರಿ ಬೇರೆ: ಧಾರಣೆಯ ಕೋಷ್ಟಕದಲ್ಲಿ ಚಾಲಿ, ರಾಶಿ, ಕೆಂಪುಗೋಟಿನ ಕೆಳಗೆ ಅದೂ ಇರುತ್ತದೆ. ಒಂದೇ ಕೋಷ್ಟಕದಲ್ಲಿರುವುದೆಲ್ಲ ಒಂದೇ ಜಾತಿ ಎಂದು ಪ್ರೋಗ್ರಾಂ ತಿಳಿಯಿತು. ‘ಕನಿಷ್ಠ’, ‘ಗರಿಷ್ಠ’, ‘ಸರಾಸರಿ’ ಅದೇ ಕೋಷ್ಟಕದ ತಲೆಬರಹಗಳು.

ಇದಕ್ಕೆ ಅರ್ಥ ಜಾರುವಿಕೆ ಎನ್ನುತ್ತಾರೆ. ನೆಲ್‌ಗೂ ಇದೇ ಆಯಿತು. ಬೇಕರಿ ತಿನಿಸುಗಳ ವರ್ಗಕ್ಕೆ ಅದು ಬ್ರೌಸರಿನ ‘ಇಂಟರ್‌ನೆಟ್ ಕುಕಿ’ಯನ್ನು ಸೇರಿಸಿಕೊಂಡಿತು. ಜನ ‘ಕುಕಿ ಡಿಲೀಟ್ ಮಾಡಿದೆ’ ಎಂದು ಬರೆಯುತ್ತಾರೆ, ‘ಫೈಲ್ ಡಿಲೀಟ್ ಮಾಡಿದೆ’ ಎಂದೂ ಬರೆಯುತ್ತಾರೆ. ಆದ್ದರಿಂದ ಕಂಪ್ಯೂಟರ್ ಫೈಲ್‌ಗಳೂ ಬೇಕರಿ ತಿನಿಸಾದವು! ತಂಡದವರು ಕೈಯಾರೆ ತಿದ್ದಬೇಕಾಯಿತು.

ತಪ್ಪು ಗುಣಿಸುತ್ತ ಹೋಗುತ್ತದೆ ಎಂಬುದು ಇಲ್ಲಿನ ಅಪಾಯ. ಒಂದೊಂದು ಸುತ್ತಿನಲ್ಲಿ ನೂರಕ್ಕೆ 90 ಸರಿ ಎಂದುಕೊಳ್ಳಿ, ಪ್ರತಿ ಸುತ್ತೂ ಹಿಂದಿನದರ ಮೇಲೇ ನಿಂತಿದೆ ಎಂದುಕೊಳ್ಳಿ. 5 ಸುತ್ತು ದಾಟುವಾಗ ಸರಿ ಉಳಿಯುವುದು ನೂರಕ್ಕೆ 59.

ಈಗ ಸರಿಪಡಿಸುವ ಕ್ರಮ. ಮೊದಲು ಬೀಜ. ನಾಲ್ಕು ಸಾಲದು, ವರ್ಗಕ್ಕೆ 10ರಿಂದ 15 ಬೇಕು. ಅಡಿಕೆಯಲ್ಲಿ ಅಷ್ಟು ಬಗೆ ಸಿಗದಿದ್ದರೆ ಇರುವವುಗಳಲ್ಲಿ ಬೇರೆ ಅರ್ಥವಿಲ್ಲದವನ್ನು ಮುಂದಿಡಿ: ಕೆಂಪುಗೋಟು, ಬಿಳೆಗೋಟು, ತಟ್ಟಿಬೆಟ್ಟೆ, ಚಾಲಿ. ‘ರಾಶಿ’ಯನ್ನೂ ‘ಕೋಕಾ’ವನ್ನೂ ಬೀಜವಾಗಿ ಕೊಡಲೇಬೇಡಿ. ಅವು ತಾವಾಗಿ ಪಟ್ಟಿಗೆ ಬರುತ್ತವೆಯೇ ನೋಡಿ, ಬಂದರೆ ಪ್ರೋಗ್ರಾಂ ಸರಿಯಿದೆ ಎಂಬುದಕ್ಕೆ ಅದೇ ಪರೀಕ್ಷೆ. ‘ಬೆಟ್ಟೆ’ಯಲ್ಲಿ ಇನ್ನೊಂದು ತೊಡಕಿದೆ. ಪದದ ಕೊನೆಯ ಸ್ವರ ಕತ್ತರಿಸುವ ಪ್ರೋಗ್ರಾಂ ಅದನ್ನೂ ‘ಬೆಟ್ಟ’ವನ್ನೂ ಒಂದು ಮಾಡಿಬಿಡುತ್ತದೆ, ಶಿರಸಿಯ ಕಡೆ ಸೊಪ್ಪಿನ ಬೆಟ್ಟದ ಸುದ್ದಿಗೆ ಕೊರತೆಯಿಲ್ಲ.

ಎರಡನೆಯದು ಅಡ್ಡಗೋಡೆ. ನಮ್ಮ ಅನುಭವದಲ್ಲಿ ಇದಕ್ಕಿಂತ ಹೆಚ್ಚು ಫಲ ಕೊಡುವ ಕೆಲಸ ಇನ್ನೊಂದಿಲ್ಲ. ನಿಮಗೆ ಬೇಡದ ವರ್ಗಗಳನ್ನೂ ಬೇಕೆಂದೇ ಕಲಿಸಿ. ರಾಶಿಚಕ್ರದ 12 ಹೆಸರು ಒಂದು ವರ್ಗ, ವಾರದ 7 ದಿನ ಒಂದು, ಸಾಂಬಾರ ಬೆಳೆ ಒಂದು (ಕಾಳುಮೆಣಸು, ಏಲಕ್ಕಿ, ಜಾಯಿಕಾಯಿ), ಪಾನೀಯ ಒಂದು, ಕೋಷ್ಟಕದ ತಲೆಬರಹ ಒಂದು. ಅಡಿಕೆಯಾದದ್ದು ಇವುಗಳಲ್ಲಿ ಯಾವುದೂ ಆಗಿರಕೂಡದು ಎಂದು ಬರೆದಿಡಿ. ಹೊಸ ಹೆಸರೊಂದು ಎರಡು ವರ್ಗಗಳಿಗೂ ಬೇಕಾದರೆ ಯಾವುದಕ್ಕೂ ಕೊಡದೆ ಕಾಯಿಸಿ. ನೆಲ್ ಒಂದೇ ಸಲಕ್ಕೆ ನೂರಾರು ವರ್ಗ-ಸಂಬಂಧಗಳನ್ನು ಕಲಿತದ್ದು ದುರಾಸೆಯಿಂದಲ್ಲ. ಒಂದರ ತಪ್ಪನ್ನು ಇನ್ನೊಂದು ಹಿಡಿಯಲಿ ಎಂದು. ಒಂದೇ ವರ್ಗವನ್ನು ಒಂಟಿಯಾಗಿ ಕಲಿಸಲು ಹೊರಟರೆ ಅದು ಜಾರಿಯೇ ಜಾರುತ್ತದೆ.

ಮೂರನೆಯದು ಮಾದರಿಗೆ ಅಂಕ ಕೊಡುವುದು. ಕನಿಷ್ಠ 3 ಬೇರೆ ಬೇರೆ ಬೀಜಗಳ ಜೊತೆ ಕಾಣಿಸದ ಮಾದರಿಯನ್ನು ಎಸೆಯಿರಿ. ಉಳಿದವುಗಳಲ್ಲಿ, ಅದು ಹಿಡಿದು ತಂದ ಹೆಸರುಗಳ ಪೈಕಿ ಈಗಾಗಲೇ ಗೊತ್ತಿರುವ ಅಡಿಕೆ ಎಷ್ಟು, ಗೊತ್ತಿರುವ ಅಡಿಕೆಯಲ್ಲದ್ದು ಎಷ್ಟು ಎಂದು ಎಣಿಸಿ. ‘___ ಅಡಿಕೆ ಕ್ವಿಂಟಲ್‌ಗೆ’ ಒಳ್ಳೆಯ ಮಾದರಿ. ‘ಇಂದಿನ ___ ದರ’ ಚಿನ್ನ, ಕೊಬ್ಬರಿ, ಟೊಮೆಟೊ, ಪೆಟ್ರೋಲ್ ಎಲ್ಲವನ್ನೂ ಎಳೆದು ತರುತ್ತದೆ. ಒಂದು ಸುತ್ತಿಗೆ 5 ಹೊಸ ಮಾದರಿ, 10 ಹೊಸ ಹೆಸರಿಗಿಂತ ಹೆಚ್ಚು ಒಳಗೆ ಬಿಡಬೇಡಿ.

ನಾಲ್ಕನೆಯದು ಬೇರೆ ಬೇರೆ ಸಾಕ್ಷಿ. ನೆಲ್‌ನಲ್ಲಿ ನಾಲ್ಕು ಭಾಗಗಳು ಪ್ರತ್ಯೇಕವಾಗಿ ಓದುತ್ತಿದ್ದವು: ಒಂದು ವಾಕ್ಯದ ಮಾದರಿ ನೋಡುತ್ತಿತ್ತು, ಒಂದು ಪುಟದ ಪಟ್ಟಿ-ಕೋಷ್ಟಕ, ಒಂದು ಹೆಸರಿನ ರೂಪ, ಒಂದು ಈಗಾಗಲೇ ಗೊತ್ತಿರುವುದರಿಂದ ತರ್ಕಿಸುತ್ತಿತ್ತು. ಯಾವುದಾದರೊಂದು ಭಾಗಕ್ಕೆ ಶೇ. 90ಕ್ಕಿಂತ ಹೆಚ್ಚು ಖಾತ್ರಿಯಿದ್ದರೆ, ಇಲ್ಲವೇ ಖಾತ್ರಿ ಕಡಿಮೆಯಿದ್ದರೂ ಹಲವು ಭಾಗಗಳು ಒಪ್ಪಿದರೆ ಮಾತ್ರ ಒಂದು ಊಹೆ ‘ನಂಬಿಕೆ’ಯಾಗಿ ಬಡ್ತಿ ಪಡೆಯುತ್ತಿತ್ತು. ನೀವು ಎರಡಾದರೂ ಇಡಿ: ವಾಕ್ಯದಲ್ಲೂ ಸಿಗಬೇಕು, ಕೋಷ್ಟಕದಲ್ಲೂ ಸಿಗಬೇಕು. ‘ಗರಿಷ್ಠ’ ಕೋಷ್ಟಕದಲ್ಲಿ ಪಾಸಾದರೂ ‘ಗರಿಷ್ಠ ಅಡಿಕೆ ಸುಲಿದು ಒಣಗಿಸಿ’ ಎಂದು ಯಾರೂ ಬರೆಯುವುದಿಲ್ಲವಾದ್ದರಿಂದ ವಾಕ್ಯದಲ್ಲಿ ಬೀಳುತ್ತದೆ.

ಸಾಕ್ಷಿ ಎಣಿಸುವಾಗ ಒಂದೇ ಸುದ್ದಿಯ ನಕಲುಗಳನ್ನು ಒಂದೇ ಎಂದು ಹಿಡಿಯಬೇಕು. ಪುಟವನ್ನು ಐದೈದು ಪದಗಳ ತುಂಡುಗಳಾಗಿ ಮಾಡಿ, ಎರಡು ಪುಟಗಳ ತುಂಡುಗಳಲ್ಲಿ ಶೇ. 80 ಹೊಂದಿದರೆ ಅವು ಒಂದೇ. ಇಲ್ಲದಿದ್ದರೆ ಒಬ್ಬರ ತಪ್ಪು ಹತ್ತು ತಾಣಗಳಲ್ಲಿ ಅಚ್ಚಾಗಿ ಹತ್ತು ಸಾಕ್ಷಿಯಾಗಿಬಿಡುತ್ತದೆ.

ಇಷ್ಟೆಲ್ಲ ಆದಮೇಲೂ ಸುತ್ತಿಗೊಮ್ಮೆ ಹತ್ತು ನಿಮಿಷ ಮನುಷ್ಯರೊಬ್ಬರು ಪಟ್ಟಿ ನೋಡಬೇಕು. ಅದಕ್ಕೆ ಎಂಜಿನಿಯರ್ ಬೇಡ. ವ್ಯಾಪಾರದ ಅಂಗಳದಲ್ಲಿ ಅಡಿಕೆ ವಿಂಗಡಿಸುವವರೇ ಸಾಕು, ಅವರೇ ಮೇಲು.

ಪ್ರಶ್ನೆ: ಇಂಗ್ಲಿಷಿಗೆ ಬರೆದ ಪ್ರೋಗ್ರಾಂ ಕನ್ನಡಕ್ಕೆ ಹಾಕಿದರೆ ಒಂದೇ ಊರು ಹತ್ತು ಊರಾಗುತ್ತದೆ. ಏನು ಮಾಡಬೇಕು?
— ಡಿಟಿಪಿ ಕೇಂದ್ರ, ಕುಮಟಾ

ಕಲಿಕೆಗೆ ಮೊದಲು ಅಕ್ಷರ ಶುದ್ಧಿ. ಕನ್ನಡದಲ್ಲಿ ಎಷ್ಟೋ ತಪ್ಪುಗಳು ಇಲ್ಲೇ ಹುಟ್ಟುತ್ತವೆ, ಕಲಿಯುವ ಭಾಗದ ಮೇಲೆ ವೃಥಾ ಆರೋಪ ಬರುತ್ತದೆ.

ಹಳೆಯ ಪುಟ, ಪಿಡಿಎಫ್‌ಗಳಲ್ಲಿ ನುಡಿ, ಬರಹದ ಹಳೆಯ ಫಾಂಟ್‌ನ ಸಂಕೇತ ಇರುತ್ತದೆ. ಫಾಂಟ್ ಇಲ್ಲದಿದ್ದರೆ ಇಂಗ್ಲಿಷ್ ಅಕ್ಷರಗಳ ಗೋಜಲು ಕಾಣುವುದು ಇದರಿಂದಲೇ. ಇದನ್ನು ಯೂನಿಕೋಡ್‌ಗೆ ಪರಿವರ್ತಿಸಿ. ಪರಿವರ್ತಿಸಿದ ಮೇಲೂ ಅಕ್ಷರಗಳಲ್ಲಿ ಅರ್ಧಕ್ಕಿಂತ ಕಡಿಮೆ ಕನ್ನಡವಿದ್ದರೆ ಪುಟವನ್ನು ಬಿಟ್ಟುಬಿಡಿ.

ಯೂನಿಕೋಡ್ ಆದ ಮೇಲೂ ಕಣ್ಣಿಗೆ ಒಂದೇ ಕಾಣುವುದು ಒಳಗೆ ಎರಡಾಗಿರಬಹುದು. ‘ಕೊ’ದ ಒಕಾರವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎಕಾರ ಮತ್ತು ಊಕಾರದ ಚಿಹ್ನೆಗಳೆರಡನ್ನು ಸೇರಿಸಿಯೂ ಬರೆಯಬಹುದು. ‘ಕೋ’ಗೆ ಅದರ ಮೇಲೆ ದೀರ್ಘದ ಚಿಹ್ನೆ ಇನ್ನೊಂದು. ‘ಅಂಕೋಲಾ’ ಎರಡಾಗುವುದು ಹೀಗೆ. ಎನ್‌ಎಫ್‌ಸಿ ಎಂಬ ಸಾಮಾನ್ಯೀಕರಣ ಇದನ್ನು ಒಂದು ಮಾಡುತ್ತದೆ, ಪೈಥಾನ್‌ನಲ್ಲಿ ಒಂದೇ ಸಾಲಿನ ಕೆಲಸ. ಆದರೆ ಅಕ್ಷರಗಳನ್ನು ಕೂಡಿಸಲು, ಬಿಡಿಸಲು ನಡುವೆ ಹಾಕುವ ಕಣ್ಣಿಗೆ ಕಾಣದ ಜೋಡಕಗಳನ್ನು (ಯೂನಿಕೋಡ್ ಸಂಖ್ಯೆ 200ಸಿ, 200ಡಿ) ಅದು ತೆಗೆಯುವುದಿಲ್ಲ. ಹೋಲಿಸುವ ಕೀಲಿಪದದಿಂದ ಅವನ್ನು ನೀವೇ ತೆಗೆಯಿರಿ, ತೋರಿಸುವ ರೂಪದಲ್ಲಿ ಇರಲಿ. ‘೧೯೫೬’ ಮತ್ತು ‘1956’ ಒಂದೇ ಆಗಬೇಕು. ಚುಕ್ಕಿ ಕಂಡಲ್ಲೆಲ್ಲ ವಾಕ್ಯ ಮುರಿದರೆ ‘ರಾ.ಹೆ. 66’, ‘ಕಿ.ಮೀ.’ ತುಂಡಾಗುತ್ತವೆ. ಇಂಥ ಸಂಕ್ಷೇಪಗಳ ಪಟ್ಟಿಯನ್ನು ಮೊದಲೇ ಮಾಡಿಕೊಳ್ಳಿ.

ವಿಭಕ್ತಿ ದೊಡ್ಡ ಕೆಲಸ. ಕಾರವಾರದಲ್ಲಿ, ಕಾರವಾರಕ್ಕೆ, ಕಾರವಾರದಿಂದ. ಶಿರಸಿಯಲ್ಲಿ, ಶಿರಸಿಗೆ, ಶಿರಸಿಯಿಂದ. ಬಾಲ ಕತ್ತರಿಸುವ ಪ್ರೋಗ್ರಾಂ ಹಾಕಿದರೆ ಅದು ‘ಹೊನ್ನಾವರ’ದ ಕೊನೆಯಲ್ಲಿ ‘ಊರವರ’ ಎಂಬಲ್ಲಿರುವಂಥ ‘ವರ’ ಕಂಡು ಅದನ್ನೂ ಕತ್ತರಿಸುತ್ತದೆ! ನಮ್ಮ ಸಲಹೆ ಇದಕ್ಕೆ ಉಲ್ಟಾ: ಕತ್ತರಿಸಬೇಡಿ, ಹುಟ್ಟಿಸಿ. ಜಿಲ್ಲೆಯ 12 ತಾಲೂಕಿನ ಹೆಸರಿಗೆ ಎಂಟೆಂಟು ವಿಭಕ್ತಿ ರೂಪ ಬರೆದರೆ 96 ಆಗುತ್ತದೆ. ಅದರ ಜೊತೆ ಶಿರಸಿ-ಸಿರ್ಸಿ, ಅಂಕೋಲಾ-ಅಂಕೋಲೆ, ಕುಮಟಾ-ಕುಮಟೆ ಎಂಬ ಪರ್ಯಾಯಗಳು. ಇಡೀ ಪಟ್ಟಿಯನ್ನು ಒಂದು ಸಂಜೆಯಲ್ಲಿ ಕೈಯಾರೆ ಪರೀಕ್ಷಿಸಬಹುದು. ವಿಭಕ್ತಿಯನ್ನು ಎಸೆಯಬೇಡಿ, ಪಕ್ಕದ ಅಂಕಣದಲ್ಲಿ ಬರೆದಿಡಿ. ‘ಕಾರವಾರದಿಂದ ಶಿರಸಿಗೆ’ ಎಂಬಲ್ಲಿ ಯಾವುದು ಹೊರಟ ಊರು, ಯಾವುದು ತಲುಪಿದ ಊರು ಎಂದು ಹೇಳುವುದು ಅದೊಂದೇ, ಏಕೆಂದರೆ ಕನ್ನಡದಲ್ಲಿ ಪದಗಳ ಸ್ಥಾನ ಹಿಂದುಮುಂದಾದರೂ ಅರ್ಥ ಕೆಡುವುದಿಲ್ಲ.

ಮಾದರಿಗಳನ್ನೂ ಕನ್ನಡದ ರೀತಿಗೇ ಹುಡುಕಬೇಕು. ಇಂಗ್ಲಿಷಿನಲ್ಲಿ ಹೆಚ್ಚಾಗಿ ವರ್ಗದ ಹೆಸರು ಮೊದಲು, ಉದಾಹರಣೆ ಆಮೇಲೆ. ನಮ್ಮಲ್ಲಿ ‘ಬಂಗಡೆ, ತಾರ್ಲೆ, ಇಸ್ವಾಣ ಮೊದಲಾದ ಮೀನುಗಳು’ ಎಂದು ವರ್ಗ ಕೊನೆಗೆ ಬರುತ್ತದೆ. ಹೀಗಾಗಿ ಪಟ್ಟಿ ಎಲ್ಲಿ ಮುಗಿಯಿತೆಂದು ಸುಲಭವಾಗಿ ಗೊತ್ತಾಗುತ್ತದೆ, ಎಲ್ಲಿ ಶುರುವಾಯಿತೆಂದು ಗೊತ್ತಾಗುವುದಿಲ್ಲ. ‘ಬಂದರಿನಲ್ಲಿ ಬೆಳಿಗ್ಗೆ ಬಂಗಡೆ, ತಾರ್ಲೆ ಮೊದಲಾದ’ ಎಂದಿದ್ದರೆ ‘ಬಂದರಿನಲ್ಲಿ ಬೆಳಿಗ್ಗೆ ಬಂಗಡೆ’ ಎಂಬುದೇ ಒಂದು ಮೀನಾಗುತ್ತದೆ. ದೊಡ್ಡಕ್ಷರ ಇಲ್ಲದ ಲಿಪಿಯಾದ್ದರಿಂದ ಹೆಸರಿನ ಗಡಿಯೂ ಕಾಣುವುದಿಲ್ಲ. ಉಪಾಯ: ಪಟ್ಟಿಯ ಮೊದಲನೆಯದನ್ನು ಕಲಿಯಲು ಬಳಸಬೇಡಿ, ಎರಡು ಅಲ್ಪವಿರಾಮಗಳ ನಡುವೆ ಇರುವುದನ್ನು ಮತ್ತು ಕೊನೆಯದನ್ನು ಮಾತ್ರ ತೆಗೆದುಕೊಳ್ಳಿ. ಸಿಗುವುದು ಕಡಿಮೆಯಾಗುತ್ತದೆ, ಸಿಕ್ಕಿದ್ದು ಶುದ್ಧವಾಗಿರುತ್ತದೆ. ‘ಮೊದಲಾದ’, ‘ಮುಂತಾದ’, ‘ಸೇರಿದಂತೆ’, ‘ಎಂಬ’, ‘ಎನ್ನುವ’ ಈ ಐದು ಪದಗಳಿಂದ ಶುರುಮಾಡಿ.

ಪ್ರಶ್ನೆ: ಜೋಗ ಜಲಪಾತ ಶಿವಮೊಗ್ಗ ಜಿಲ್ಲೆಯಲ್ಲಿದೆ ಎಂದು ಕೆಲವು ಪುಟ, ಉತ್ತರ ಕನ್ನಡದಲ್ಲಿ ಎಂದು ಕೆಲವು. ಪುಟಗಳು ಜಗಳವಾಡಿದರೆ ಕಂಪ್ಯೂಟರ್ ಯಾರನ್ನು ನಂಬಬೇಕು?
— ಪ್ರೌಢಶಾಲಾ ಶಿಕ್ಷಕಿ, ಸಿದ್ದಾಪುರ

ಬಹುಮತ ಎಣಿಸುವುದು ಮೊದಲು ಹೊಳೆಯುವ ಉತ್ತರ, ಕೊನೆಗೆ ಉಪಯೋಗಿಸಬೇಕಾದ್ದು. ಅದಕ್ಕೂ ಮೊದಲು ಕೇಳಬೇಕಾದದ್ದು: ಈ ಸಂಬಂಧಕ್ಕೆ ಒಂದೇ ಉತ್ತರ ಇರಬೇಕೇ? ತಾಲೂಕು ಕೇಂದ್ರಕ್ಕೆ ಜಿಲ್ಲೆ ಒಂದೇ. ನದಿಗೆ ಹಾಗಲ್ಲ, ಜಲಪಾತಕ್ಕೂ ಹಾಗಾಗದಿರಬಹುದು. ಜೋಗ ಸಾಗರ ತಾಲೂಕಿನಲ್ಲಿದೆ, ಶಿವಮೊಗ್ಗ ಜಿಲ್ಲೆ. ಆಚೆ ದಡದಲ್ಲಿ ನಿಮ್ಮ ಸಿದ್ದಾಪುರ ತಾಲೂಕು ಶುರು. ‘ಒಂದೇ ಉತ್ತರ’ ಎಂದು ಗುರುತು ಹಾಕಿದರೆ ಯಂತ್ರ ಎರಡರಲ್ಲೊಂದನ್ನು ಅಳಿಸುತ್ತದೆ. ಅದರ ಬದಲು ‘ಇರುವ ಜಿಲ್ಲೆ’, ‘ಗಡಿ ತಾಗುವ ಜಿಲ್ಲೆ’ ಎಂದು ಎರಡು ಸಂಬಂಧ ಮಾಡಿದರೆ ಜಗಳವೇ ಇಲ್ಲ.

ನಾವು ನೋಡುವ ವಿರೋಧಗಳಲ್ಲಿ ಹೆಚ್ಚಿನವು ಸುಳ್ಳಿನವಲ್ಲ, ಕಾಲದವು. ಕೈಗಾ ಅಣು ವಿದ್ಯುತ್ ಸ್ಥಾವರದ ಒಂದನೆಯ ಘಟಕ ಎಷ್ಟು ದಿನ ನಿಲ್ಲದೆ ಓಡಿತು? 941 ಎಂದು ಕೆಲವು ಪುಟ, 962 ಎಂದು ಕೆಲವು. ಎರಡೂ ನಿಜ. 2018ರ ಡಿಸೆಂಬರ್ 10ರಂದು 941 ದಿನ ತುಂಬಿ ವಿಶ್ವದಾಖಲೆ ಮುರಿಯಿತು, ಡಿಸೆಂಬರ್ 31ರಂದು ನಿಲ್ಲಿಸುವಾಗ 962 ಆಗಿತ್ತು. ಜಿಲ್ಲೆಯಲ್ಲಿ 11 ತಾಲೂಕು ಎನ್ನುವ ಪುಟ ದಾಂಡೇಲಿ ತಾಲೂಕಾಗುವ ಮೊದಲಿನದು. ರಾಷ್ಟ್ರೀಯ ಹೆದ್ದಾರಿ 17 ಎನ್ನುವುದು ಈಗಿನ 66ರ ಹಳೆಯ ಸಂಖ್ಯೆ. ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್ 7ರಂದು ಕುಸಿಯಿತು, ಅದಕ್ಕೆ ಮೊದಲು ಬರೆದ ಪುಟಗಳಲ್ಲಿ ಇನ್ನೂ ವಾಹನ ಓಡುತ್ತಲೇ ಇವೆ.

ಆದ್ದರಿಂದ ಮೂರು ಭಾಗದ ದಾಖಲೆ ಸಾಲದು. ಇನ್ನು ನಾಲ್ಕು ಅಂಕಣ ಸೇರಿಸಿ: ಯಾವ ಪುಟ, ಆ ಪುಟದ ಯಾವ ವಾಕ್ಯ, ಪುಟ ಬರೆದ ದಿನ, ಸಂಗತಿ ಯಾವಾಗಿನಿಂದ ಯಾವಾಗಿನವರೆಗೆ ನಿಜ. 2012ರಲ್ಲಿ ಶುರುವಾದ, ಯಾರು ಬೇಕಾದರೂ ಬಳಸಬಹುದಾದ ಸಂಗತಿಗಳ ಭಂಡಾರ ವಿಕಿಡೇಟಾದಲ್ಲಿ ಆರಂಭದ ದಿನ, ಅಂತ್ಯದ ದಿನ, ‘ಇದಕ್ಕೆ ಆದ್ಯತೆ’ ಎಂಬ ಗುರುತು ಎಲ್ಲಕ್ಕೂ ಜಾಗವಿದೆ, ಅದನ್ನೇ ನಕ್ಷೆಯಾಗಿ ಇಟ್ಟುಕೊಳ್ಳಬಹುದು. ಪುಟ ಬರೆದ ದಿನ ಸಿಗದಿದ್ದರೆ ನೀವು ಇಳಿಸಿದ ದಿನವನ್ನು ಅದರ ಜಾಗದಲ್ಲಿ ಹಾಕಬೇಡಿ, ಖಾಲಿ ಬಿಡಿ. ಹಳೆಯ ಪುಟಕ್ಕೆ ಹೊಸ ದಿನಾಂಕ ಬಿದ್ದರೆ ಬಿದ್ದ ಸೇತುವೆ ಮತ್ತೆ ಎದ್ದು ನಿಲ್ಲುತ್ತದೆ.

ಇಷ್ಟು ಸೋಸಿದ ಮೇಲೂ ಉಳಿಯುವ ಜಗಳಕ್ಕೆ ಮೂಲಗಳ ತೂಕ. ಯಾವ ತಾಣ ಬೇರೆ ಸಂಗತಿಗಳಲ್ಲಿ ಎಷ್ಟು ಸಲ ಸರಿಯಿತ್ತು ಎಂಬುದರಿಂದ ಅದರ ತೂಕ ಲೆಕ್ಕ ಹಾಕಿ. ಪ್ರವಾಸಿ ತಾಣಗಳ ಜಾಹೀರಾತು ಪುಟಗಳಿಗೆ ಈ ಲೆಕ್ಕದಲ್ಲಿ ಅಂಕ ಕಡಿಮೆ ಬಂದರೆ ಆಶ್ಚರ್ಯಪಡಬೇಡಿ.

ಪ್ರಶ್ನೆ: ಇದಕ್ಕೆ ದೊಡ್ಡ ಸರ್ವರ್ ಬೇಕೇ? ಎಷ್ಟು ಪುಟ ಇಳಿಸಬೇಕು?
— ಎಂಜಿನಿಯರಿಂಗ್ ವಿದ್ಯಾರ್ಥಿ, ಕಾರವಾರ

ಜಿಲ್ಲೆಯ ಮಟ್ಟದ ಒಂದು ವಿಷಯಕ್ಕೆ 8 ಜಿಬಿ ಮೆಮೊರಿಯ ಲ್ಯಾಪ್‌ಟಾಪ್ ಸಾಕು. ಯೂನಿಕೋಡ್ ಪಠ್ಯವನ್ನು ಉಳಿಸಿಡುವ ಯುಟಿಎಫ್-8 ಎಂಬ ಕ್ರಮದಲ್ಲಿ ಕನ್ನಡದ ಒಂದು ಸಂಕೇತಕ್ಕೆ 3 ಬೈಟ್. ಪುಟಕ್ಕೆ 3,000 ಸಂಕೇತ ಎಂದರೆ 9,000 ಬೈಟ್, 1 ಲಕ್ಷ ಪುಟ 90 ಕೋಟಿ ಬೈಟ್, ಅಂದರೆ ಒಂದು ಜಿಬಿಗಿಂತ ಕಡಿಮೆ. ಇಳಿಸುವಾಗ ಒಂದು ತಾಣಕ್ಕೆ 5 ಸೆಕೆಂಡಿಗೆ ಒಂದೇ ಪುಟ ಕೇಳಿ. ಈ ಲೆಕ್ಕದಲ್ಲಿ ದಿನಕ್ಕೆ 17,280 ಪುಟ, ಲಕ್ಷಕ್ಕೆ ಆರು ದಿನ. ಅವಸರ ಮಾಡಿದರೆ ತಾಣದವರು ನಿಮ್ಮ ದಾರಿ ಮುಚ್ಚುತ್ತಾರೆ, ಸಣ್ಣ ತಾಣವಾದರೆ ಬಿದ್ದೇ ಹೋಗಬಹುದು. ಯಾವ ಪುಟವನ್ನು ಯಂತ್ರ ಮುಟ್ಟಬಹುದು ಎಂದು ತಾಣದವರು ಬರೆದಿಟ್ಟ ರೋಬಾಟ್ಸ್ ಫೈಲ್‌ನಲ್ಲಿ ‘ಬೇಡ’ ಎಂದದ್ದನ್ನು ಮುಟ್ಟಬೇಡಿ.

ಮೊದಲು ಕನ್ನಡ ವಿಕಿಪೀಡಿಯದ ಪೂರ್ಣ ಪ್ರತಿಯನ್ನು ಇಳಿಸಿಕೊಳ್ಳಿ, ಅದು ಪುಕ್ಕಟೆ, ಪೆನ್‌ಡ್ರೈವ್‌ನಲ್ಲಿ ಹಿಡಿಯುತ್ತದೆ. ಆಮೇಲೆ ಕಾಮನ್ ಕ್ರಾಲ್ ಎಂಬ ಲಾಭರಹಿತ ಸಂಸ್ಥೆ ಸಂಗ್ರಹಿಸಿಟ್ಟ ಪುಟಗಳಲ್ಲಿ ಕನ್ನಡದ್ದನ್ನು ಮಾತ್ರ ಹೆಕ್ಕಬಹುದು. ಪುಟದ ಮೆನು, ಜಾಹೀರಾತು, ‘ಇದನ್ನೂ ಓದಿ’ ಎಂಬ ಸಾಲುಗಳನ್ನು ಮೊದಲು ಕಿತ್ತುಹಾಕಿ. ‘ಇದನ್ನೂ ಓದಿ’ ಒಂದು ಲಕ್ಷ ಪುಟಗಳಲ್ಲಿದ್ದರೆ ಯಂತ್ರಕ್ಕೆ ಅದೇ ಎಲ್ಲಕ್ಕಿಂತ ಬಲವಾದ ಮಾದರಿ.

ಪ್ರಶ್ನೆ: ಈಗ ಚಾಟ್‌ಜಿಪಿಟಿ ಇರುವಾಗ ಈ ಬೀಜ, ಮಾದರಿ ಎಲ್ಲ ಹಳೆಯದಾಗಲಿಲ್ಲವೇ?
— ಅದೇ ಓದುಗರು

ಅರ್ಧ ಹೌದು. ವಾಕ್ಯದಿಂದ ಸಂಗತಿ ಬಿಡಿಸುವ ಕೆಲಸವನ್ನು ಅಂಥ ದೊಡ್ಡ ಭಾಷಾ ಯಂತ್ರಗಳು ಮೇಲೆ ಹೇಳಿದ ಖಾಲಿ ಜಾಗದ ಮಾದರಿಗಳಿಗಿಂತ ಚೆನ್ನಾಗಿ ಮಾಡುತ್ತವೆ, ವಿಭಕ್ತಿಯ ತೊಡಕೂ ಕಡಿಮೆ. ಆದರೆ ಅವು ಓದಿದ್ದು ಕೋಟ್ಯಂತರ ಸಂಖ್ಯೆಗಳಲ್ಲಿ ಕರಗಿ ಹೋಗಿರುತ್ತದೆ. ಯಾವ ಪುಟದಿಂದ ತಿಳಿಯಿತು ಎಂದು ಕೇಳಿದರೆ ಇಲ್ಲದ ಪುಟವನ್ನೂ ಹೇಳಬಲ್ಲವು. ನಮ್ಮ ಜಿಲ್ಲೆಯ ಸಣ್ಣ ಊರು, ಹಳ್ಳಗಳ ವಿಷಯ ಇಂಟರ್‌ನೆಟ್ಟಿನಲ್ಲಿ ಅಲ್ಲೊಂದು ಇಲ್ಲೊಂದು ಸಲ ಮಾತ್ರ ಇರುವುದರಿಂದ ಅಲ್ಲೇ ಹೆಚ್ಚು ಕಲ್ಪಿಸಿ ಹೇಳುತ್ತವೆ.

ಹೀಗೆ ಬಳಸಿ: ಪುಟವನ್ನು ನೀವೇ ಕೊಡಿ. ‘ಇದರಲ್ಲಿರುವ ನದಿ-ಊರು ಸಂಬಂಧಗಳನ್ನು ತೆಗೆ, ಪ್ರತಿಯೊಂದಕ್ಕೂ ಆಧಾರ ವಾಕ್ಯವನ್ನು ಇದ್ದ ಹಾಗೇ ನಕಲು ಮಾಡು, ಇಲ್ಲದಿದ್ದರೆ ಇಲ್ಲ ಎನ್ನು’ ಎಂದು ಕೇಳಿ. ಬಂದ ಆಧಾರ ವಾಕ್ಯ ಪುಟದಲ್ಲಿ ಅಕ್ಷರಶಃ ಇದೆಯೇ ಎಂದು ಸಾಮಾನ್ಯ ಪ್ರೋಗ್ರಾಂನಿಂದ ಹುಡುಕಿಸಿ. ಇಲ್ಲದ್ದನ್ನು ಎಸೆಯಿರಿ. ಆಮೇಲೆ ಮೇಲೆ ಹೇಳಿದ ಅಡ್ಡಗೋಡೆ, ಕಾಲ, ಸಾಕ್ಷಿಗಳ ಪರೀಕ್ಷೆ. ಅವು ಹಳೆಯದಾಗಿಲ್ಲ.

ಪ್ರಶ್ನೆ: ಯಂತ್ರ ಕಲಿತದ್ದರಲ್ಲಿ ಎಷ್ಟು ಸರಿ ಎಂದು ಅಳೆಯುವುದು ಹೇಗೆ?
— ಗ್ರಂಥಪಾಲಕರು, ಹೊನ್ನಾವರ

ಪಟ್ಟಿಯಿಂದ ಚೀಟಿ ಎತ್ತಿದಂತೆ 100 ದಾಖಲೆ ತೆಗೆದು ಒಂದೊಂದನ್ನೂ ಮೂಲ ನೋಡಿ ಪರೀಕ್ಷಿಸಿ. ಮೊದಲ ನೂರನ್ನು ತೆಗೆಯಬೇಡಿ, ಖಾತ್ರಿ ಹೆಚ್ಚಿರುವವು ಮೇಲೆ ಇರುತ್ತವೆ. 80 ಸರಿ ಬಂದರೆ ನಿಜವಾದ ಅಂಕಿ ಸುಮಾರು 72ರಿಂದ 88ರ ನಡುವೆ ಎಲ್ಲೋ ಇದೆ. ಈ ಅಂತರ ಅರ್ಧಕ್ಕೆ ಇಳಿಯಬೇಕಾದರೆ 100 ಅಲ್ಲ, 400 ನೋಡಬೇಕು. ಎಲ್ಲ ಸಂಬಂಧಗಳನ್ನು ಸೇರಿಸಿ ಒಂದೇ ಅಂಕಿ ಹೇಳಬೇಡಿ, ನದಿಗಳಲ್ಲಿ 95, ವ್ಯಕ್ತಿಗಳಲ್ಲಿ 50 ಇದ್ದರೆ ಸರಾಸರಿ ಯಾರಿಗೂ ಉಪಯೋಗವಿಲ್ಲ. ಸುತ್ತುವಾರು ಬೇರೆ ಅಳೆಯಿರಿ. ನೆಲ್ ಮೊದಲ 67 ದಿನಗಳಲ್ಲಿ 2,42,453 ಸಂಗತಿ ಕಲಿತಿತ್ತು, ಒಟ್ಟಾರೆ ಶೇ. 74 ಸರಿ ಎಂದು ಅಂದಾಜು. ಬಿಡಿಸಿ ನೋಡಿದರೆ ಮೊದಲ ಮೂರನೇ ಒಂದು ಭಾಗದ ಸುತ್ತುಗಳಲ್ಲಿ 90, ನಡುವಣದ್ದರಲ್ಲಿ 71, ಕೊನೆಯದರಲ್ಲಿ 57. ಇಳಿಜಾರು ಕಾಣುವುದು ಹಾಗೆ ಬಿಡಿಸಿದಾಗಲೇ.

ಪ್ರಶ್ನೆ: ನಮ್ಮಲ್ಲಿ ತಾರ್ಲೆ, ಮಂಗಳೂರಲ್ಲಿ ಬೂತಾಯಿ. ಒಂದೇ ಮೀನೆಂದು ಕಂಪ್ಯೂಟರಿಗೆ ಹೇಗೆ ಗೊತ್ತಾಗಬೇಕು?
— ಮೀನು ವ್ಯಾಪಾರಿ, ಅಂಕೋಲಾ

ಹೆಸರಿನಿಂದ ಗೊತ್ತಾಗುವುದಿಲ್ಲ. ಕೆಲವರು ‘ಭೂತಾಯಿ’ ಎಂದು ಬರೆಯುವುದರಿಂದ ಮೀನು ಹೋಗಿ ಭೂಮಿತಾಯಿಯ ಪುಟಗಳೂ ಸೇರಿಕೊಳ್ಳುತ್ತವೆ. ಮೀನಿಗೊಂದು ಸ್ಥಿರ ಗುರುತು ಕೊಡಿ, ವೈಜ್ಞಾನಿಕ ಹೆಸರು ಅದಕ್ಕೆ ಸರಿ. ತಾರ್ಲೆ-ಬೂತಾಯಿ ಎರಡೂ ಸಾರ್ಡಿನೆಲ್ಲಾ ಲಾಂಗಿಸೆಪ್ಸ್, ಬಂಗಡೆ-ಬಂಗುಡೆ ರಾಸ್ಟ್ರೆಲಿಗರ್ ಕನಗುರ್ತ. ಊರಿನ ಹೆಸರುಗಳನ್ನೆಲ್ಲ ಅದರ ಕೆಳಗೆ ‘ಈ ಊರಲ್ಲಿ ಹೀಗೆ’ ಎಂಬ ಟಿಪ್ಪಣಿಯೊಂದಿಗೆ ಬರೆಯಿರಿ. ‘ಭೂತಾಯಿ’ ಸಿಕ್ಕಾಗ ಅದೇ ವಾಕ್ಯದಲ್ಲಿ ಬಲೆ, ಬೋಟು, ಕೆಜಿ, ಬಂದರು, ಸಾರು ಇವುಗಳಲ್ಲಿ ಯಾವುದಾದರೂ ಎರಡು ಇದ್ದರೆ ಮಾತ್ರ ಮೀನೆಂದು ಹಿಡಿಯಲಿ. ಒಂದೇ ಇದ್ದರೆ ಪಕ್ಕಕ್ಕಿಟ್ಟು ನಿಮ್ಮನ್ನು ಕೇಳಲಿ.